ಕುರ್ಚಿಯಿಂದ ಕುರ್ಚಿಗೆ: ಹಿರಿಯರ ವಸತಿಯಲ್ಲಿ ಡ್ರೈವರ್ ಆಗಿ ಸೇರುವವರಿಗೆ

ಬಳ್ಳಾರಿಯಲ್ಲಿ ಹಿರಿಯರಿಗೆಂದೇ ಕಟ್ಟಿದ ಒಂದು ವಸತಿ ಸಮುಚ್ಚಯಕ್ಕೆ ನಾನು ಗಾಡಿ ಓಡಿಸುತ್ತೇನೆ. ಮುಂಚೆ ಅದಿರು ಲಾರಿ ಓಡಿಸುತ್ತಿದ್ದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ನಾನೂ ಕೆಳಗಿಳಿದೆ. ಕೆಲವು ವರ್ಷ ಬಾಡಿಗೆ ಕಾರು ಓಡಿಸಿದೆ. ಆಮೇಲೆ ಈ ಕೆಲಸ ಸಿಕ್ಕಿತು.

ಸೇರಿದ ಮೊದಲ ವಾರದಲ್ಲೇ ಒಂದು ತಪ್ಪು ಮಾಡಿದೆ. ವಯಸ್ಸಾದ ಒಬ್ಬ ಅಮ್ಮನವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಲ್ಯಾಬ್ ಮುಂದೆ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಬಿಡದೆ ಕೂತಲ್ಲೇ "ಇಳೀರಿ ಅಮ್ಮಾ, ಬಂತು" ಅಂದೆ. ಅವರು ಕಾಲಿಟ್ಟದ್ದು ಅಲುಗಾಡುವ ಚರಂಡಿ ಕಲ್ಲಿನ ಮೇಲೆ. ಬಿದ್ದರು. ಮೊಣಕೈ ತರಚಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ದಾರಿಯುದ್ದಕ್ಕೂ ನಾನು ಒಂದು ಸಲವೂ ಜೋರಾಗಿ ಬ್ರೇಕ್ ಹಾಕಿರಲಿಲ್ಲ. ಆದರೆ ಅವರು ಬಿದ್ದದ್ದು ಗಾಡಿ ನಿಂತ ಮೇಲೆ.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಹಿರಿಯರು ಎದ್ದ ಕುರ್ಚಿಯಿಂದ, ಹೋಗಿ ಕೂರುವ ಕುರ್ಚಿವರೆಗೂ ನಮ್ಮ ಡ್ಯೂಟಿ. ನಡುವೆ ಓಡಿಸುವುದು ಅದರಲ್ಲಿ ಒಂದು ಪಾಲು ಅಷ್ಟೇ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

1. ಸೇರುವ ಮುಂಚೆ

ಲೈಸೆನ್ಸ್ ವಿಷಯ ಮೊದಲು. ಬಾಡಿಗೆ ಗಾಡಿಗೆ ಬೇರೆ ಬ್ಯಾಡ್ಜ್ ಬೇಕು ಎಂದು ಈಗಲೂ ಕೆಲವರು ಹೇಳುತ್ತಾರೆ. ಎಲ್‌ಎಂವಿ, ಅಂದರೆ ಹಗುರ ಮೋಟಾರು ವಾಹನದ ಲೈಸೆನ್ಸ್ ಇದ್ದರೆ, ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಾಗಾಗಿ ಕಾರು, ಎರ್ಟಿಗಾ, ಸಣ್ಣ ವ್ಯಾನಿಗೆಲ್ಲ ಅದೇ ಸಾಕು.

ಗಾಡಿಯ ಬೋರ್ಡ್ ಯಾವುದು ನೋಡಿ. ಅಲ್ಲಿ ವಾಸವಿರುವವರ ಸ್ವಂತ ಕಾರನ್ನು ಸಂಬಳಕ್ಕೆ ಓಡಿಸುವುದಾದರೆ ಬಿಳಿ ಬೋರ್ಡ್ ಸರಿ. ಸಂಸ್ಥೆಯವರು ಟ್ರಿಪ್ಪಿಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಕಳಿಸುವುದಾದರೆ ಹಳದಿ ಬೋರ್ಡ್, ಪರ್ಮಿಟ್, ಅದಕ್ಕೆ ತಕ್ಕ ಇನ್ಶೂರೆನ್ಸ್ ಇರಬೇಕು. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಕೋರ್ಟಿಗೆ ಅಲೆಯುವವರು ಆಗ ನಾವು. ಕಾಗದ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಸಂಬಳ, ವಾರದ ರಜೆ, ರಾತ್ರಿ ಡ್ಯೂಟಿ ಮೂರನ್ನೂ ಬರವಣಿಗೆಯಲ್ಲಿ ಪಡೆಯಿರಿ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಮಾರನೇ ದಿನ ಬೆಳಗ್ಗೆ ಯಾರು ಓಡಿಸುತ್ತಾರೆ ಎಂದು ಮೊದಲೇ ಕೇಳಿ. ನಿದ್ದೆಗೆಟ್ಟವನು ಹಿರಿಯರನ್ನು ಕೂರಿಸಿಕೊಂಡು ಓಡಿಸಬಾರದು. ಕೆಲಸಗಾರರು ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಕಡೆ, ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ ಬಗ್ಗೆಯೂ ವಿಚಾರಿಸಿ. ನಮ್ಮ ಮನೆಯವರಿಗೂ ಅದರಿಂದ ಆಸರೆ.

2. ಗಾಡಿ ಸಜ್ಜು ಮಾಡುವುದು

ಸೀಟು ಎಷ್ಟು ಎತ್ತರ ಅನ್ನುವುದೇ ದೊಡ್ಡ ವಿಷಯ. ತಗ್ಗು ಕಾರಿನಲ್ಲಿ ಕೂತರೆ ಏಳಲಾಗುವುದಿಲ್ಲ. ಜೀಪಿನಂಥ ಎತ್ತರದ ಗಾಡಿಗೆ ಹತ್ತಲಾಗುವುದಿಲ್ಲ. ನಿಂತವರು ಹಾಗೇ ಹಿಂದಕ್ಕೆ ಕೂತರೆ ಸೀಟು ಸಿಗುವಂತಿರಬೇಕು. ವ್ಯಾಗನ್‌ಆರ್, ಎರ್ಟಿಗಾದಂಥವು ನನ್ನ ಅನುಭವದಲ್ಲಿ ಅನುಕೂಲ. ಎತ್ತರದ ಗಾಡಿಯೇ ಗತಿ ಅಂದರೆ ಅಗಲವಾದ, ರಬ್ಬರ್ ಕಾಲಿನ ಗಟ್ಟಿ ಮಣೆ ಒಂದು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ.

ನಮ್ಮ ಊರಿನ ಬಿಸಿಲು ಗೊತ್ತಲ್ವಾ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಸೀಟ್ ಬೆಲ್ಟಿನ ಕಬ್ಬಿಣ ತೆಳು ಚರ್ಮಕ್ಕೆ ತಗುಲಿದರೆ ಬೊಬ್ಬೆ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದು ಸುಟ್ಟದ್ದೂ ತಿಳಿಯುವುದಿಲ್ಲ. ಹೊರಡುವ ಹತ್ತು ನಿಮಿಷ ಮುಂಚೆ ಬಾಗಿಲೆಲ್ಲ ತೆರೆದು ಬಿಸಿ ಗಾಳಿ ಬಿಡಿ, ಆಮೇಲೆ ಎಸಿ ಹಾಕಿ, ಬಕಲ್ ನೀವೇ ಮುಟ್ಟಿ ನೋಡಿ. ಸೀಟಿನ ಮೇಲೆ ಹತ್ತಿ ಟವೆಲ್ ಹಾಸಿ. ಎಸಿ ಗಾಳಿ ನೇರ ಮುಖಕ್ಕೆ ಹೊಡೆಯದಂತೆ ತಿರುಗಿಸಿ. ಎಷ್ಟೇ ಅವಸರವಿದ್ದರೂ ನಿಂತ ಗಾಡಿಯಲ್ಲಿ ಅವರೊಬ್ಬರನ್ನೇ ಬಿಟ್ಟು ಹೋಗಬೇಡಿ. "ಎರಡು ನಿಮಿಷ" ಅಂತ ಹೋದದ್ದು ಇಪ್ಪತ್ತು ನಿಮಿಷ ಆಗುತ್ತದೆ.

ನನ್ನ ಗಾಡಿಯ ಡಿಕ್ಕಿಯಲ್ಲಿ ಯಾವಾಗಲೂ ಇರುವವು: ಕುಡಿಯುವ ನೀರು, ಗ್ಲೂಕೋಸ್ ಪುಡಿ, ಕೊಡೆ, ಟಾರ್ಚ್, ಎರಡು ಟವೆಲ್, ವಾಂತಿಗೆ ಗಟ್ಟಿ ಕವರ್, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಹಳೆಯ ಶಾಲು. ಆ ಹಾಳೆ ಮತ್ತು ಶಾಲು ಯಾಕೆ ಅಂದರೆ, ಕೆಲವೊಮ್ಮೆ ದಾರಿಯಲ್ಲಿ ಮೂತ್ರ ನಿಲ್ಲುವುದಿಲ್ಲ. ಆಗ ಅವರಿಗೆ ಆಗುವ ನಾಚಿಕೆ ನೋಡಲಾಗದು. ಶಾಲನ್ನು ಸುಮ್ಮನೆ ಕೈಗೆ ಕೊಡಿ, ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಅದರ ಬಗ್ಗೆ ಒಂದು ಮಾತೂ ಬೇಡ, ಅವತ್ತೂ ಬೇಡ, ಆಮೇಲೂ ಬೇಡ.

3. ಒಬ್ಬೊಬ್ಬರಿಗೆ ಒಂದು ಪುಟ

ಒಂದು ನೋಟ್‌ಬುಕ್ ಮಾಡಿ. ಒಬ್ಬರಿಗೆ ಒಂದು ಪುಟ. ಯಾವ ಕಾಲು ನೋವು, ಯಾವ ಕಿವಿ ಕೇಳುತ್ತದೆ, ಕೋಲೋ ವಾಕರೋ ವೀಲ್‌ಚೇರೋ, ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರಾ, ಪೇಸ್‌ಮೇಕರ್ ಇದೆಯಾ, ಯಾವ ಆಸ್ಪತ್ರೆ, ಮಕ್ಕಳಲ್ಲಿ ಯಾರಿಗೆ ಮೊದಲು ಫೋನ್ ಮಾಡಬೇಕು. ಇಷ್ಟನ್ನು ಅವರನ್ನೇ ಕೇಳಿ, ಅವರ ಒಪ್ಪಿಗೆಯಿಂದ ಬರೆಯಿರಿ. ಪುಸ್ತಕವನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಾಡಬೇಡಿ. ಇನ್ನೊಬ್ಬರ ಕಾಯಿಲೆ ಇನ್ನೊಬ್ಬರು ಓದಬಾರದು.

ಹೇಗೆ ಕರೆಯಬೇಕು ಅನ್ನುವುದನ್ನೂ ಅದರಲ್ಲೇ ಬರೆದುಕೊಳ್ಳಿ. ನಮ್ಮಲ್ಲಿ ಒಬ್ಬರಿಗೆ ತಾತ ಅಂದರೆ ಖುಷಿ. ಇನ್ನೊಬ್ಬರು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ಅವರಿಗೆ ಮೇಷ್ಟ್ರೇ ಅಂದರೇನೇ ಸಮಾಧಾನ. ಅಜ್ಜಿ ಅಂದರೆ ಮುಖ ಚಿಕ್ಕದು ಮಾಡಿಕೊಳ್ಳುವ ಅಮ್ಮನವರೂ ಇದ್ದಾರೆ. ಬಳ್ಳಾರಿಯಲ್ಲಿ ಅರ್ಧ ಮಾತು ತೆಲುಗು. ವಯಸ್ಸಾದಂತೆ ಮನೆಮಾತೇ ಜಾಸ್ತಿ ಹತ್ತಿರವಾಗುತ್ತದೆ. ಕನ್ನಡದವರಿಗೆ "ಮೆಲ್ಲಕ ಬರ್ರೀ", ತೆಲುಗಿನವರಿಗೆ "ನೆಮ್ಮದಿಗಾ ರಂಡಿ", ಉರ್ದುವಿನವರಿಗೆ "ಆಹಿಸ್ತಾ". ಈ ಮೂರು ಮಾತು ಕಲಿತರೆ ಅರ್ಧ ಭಯ ಇಳಿಯುತ್ತದೆ.

4. ಹಿಂದಿನ ದಿನ ಸಂಜೆ

ಮಾರನೇ ದಿನ ಯಾರು, ಎಲ್ಲಿಗೆ, ಎಷ್ಟಕ್ಕೆ ಎಂದು ಕೇಳಿ. ಡಾಕ್ಟರ್ ಹತ್ತು ಗಂಟೆಗೆ ಅಂದರೆ ನಾನು ಒಂಬತ್ತಕ್ಕೆ ಬಾಗಿಲಲ್ಲಿ ಇರುತ್ತೇನೆ. ಚಪ್ಪಲಿ ಹಾಕಿಕೊಳ್ಳಲು ಐದು ನಿಮಿಷ, ಕನ್ನಡಕ ಹುಡುಕಲು ಐದು ನಿಮಿಷ, ಬೀಗ ಹಾಕಿದ ಮೇಲೆ ಗ್ಯಾಸ್ ಆಫ್ ಮಾಡಿದ್ದೇನಾ ಎಂದು ತಿರುಗಿ ಹೋಗಿ ನೋಡಲು ಇನ್ನೈದು ನಿಮಿಷ. ಈ ಹದಿನೈದು ನಿಮಿಷ ನಿಮ್ಮ ಲೆಕ್ಕದಲ್ಲೇ ಇದ್ದರೆ ಅವರನ್ನು ಅವಸರ ಮಾಡುವುದಿಲ್ಲ. ಬೀಳುವುದು ಅವಸರದಲ್ಲೇ.

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿದ್ದರೆ ಬೇಗ ಹೊರಡಿ, ತಿಂಡಿ ಡಬ್ಬಿ ಜೊತೆಗಿರಲಿ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಳಗ್ಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ತಡೆದುಕೊಂಡು ಕೂರುತ್ತಾರೆ. ಅದಕ್ಕೇ ದಾರಿಯಲ್ಲಿ ಸ್ವಚ್ಛವಾದ, ಕೂರುವ ಕಮೋಡ್ ಇರುವ ಶೌಚಾಲಯ ಎಲ್ಲೆಲ್ಲಿದೆ ಎಂದು ನಾನು ಮೊದಲೇ ನೋಡಿಟ್ಟುಕೊಂಡಿದ್ದೇನೆ. ನಾನೇ "ಇಲ್ಲಿ ಐದು ನಿಮಿಷ ನಿಲ್ಲಿಸ್ತೀನ್ರೀ" ಅನ್ನುತ್ತೇನೆ. ಬೇಕಾದವರು ಇಳಿಯುತ್ತಾರೆ.

ಮಳೆ ಬಂದ ದಿನ ರೈಲ್ವೆ ಕೆಳಸೇತುವೆಯ ದಾರಿ ಬಿಟ್ಟುಬಿಡಿ. ನೀರು ನಿಂತರೆ ಅವರನ್ನು ಇಳಿಸಿ ನಡೆಸಲು ಆಗುವುದಿಲ್ಲ.

5. ಹತ್ತಿಸುವುದು, ಇಳಿಸುವುದು

ಇದನ್ನು ನಿಧಾನವಾಗಿ ಓದಿ. ಸಾಧ್ಯವಾದರೆ ಮನೆಯಲ್ಲಿ ಯಾರ ಜೊತೆಗಾದರೂ ಮಾಡಿ ನೋಡಿ. ಫಿಸಿಯೋಥೆರಪಿಯವರು ನಿಮ್ಮ ಸಮುಚ್ಚಯಕ್ಕೆ ಬರುತ್ತಿದ್ದರೆ ಅವರ ಹತ್ತಿರ ಒಂದು ಗಂಟೆ ಕಲಿಯಿರಿ.

ಗಾಡಿ ನಿಲ್ಲಿಸುವುದರಿಂದ ಶುರು. ಮೆಟ್ಟಿಲು ಅಥವಾ ಕಟ್ಟೆಗೆ ಪೂರ್ತಿ ತಾಗಿದಂತೆ ನಿಲ್ಲಿಸಿ. ಆಗದಿದ್ದರೆ ಮೂರು ಅಡಿ ದೂರ ನಿಲ್ಲಿಸಿ, ಸಮ ನೆಲದಲ್ಲಿ ನಿಂತು ಹತ್ತಲಿ. ನಡುವೆ ಅರ್ಧ ಅಡಿ ಸಂದು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಇಳಿದು ಬಂದು, ಬಾಗಿಲು ಪೂರ್ತಿ ತೆರೆಯಿರಿ. ಬಾಗಿಲಿಗೆ ನಿಮ್ಮ ಸೊಂಟ ಒತ್ತಿ ನಿಲ್ಲಿ. ಅವರು ಬಾಗಿಲನ್ನೇ ಹಿಡಿದುಕೊಂಡು ಜಗ್ಗುತ್ತಾರೆ. ಅದು ಅಲ್ಲಾಡಿದರೆ ಅವರೂ ಅಲ್ಲಾಡುತ್ತಾರೆ.

ನಡೆಸುವಾಗ ನೋವಿರುವ ಕಡೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಅವರ ಕೈ ಹಿಡಿದು ಎಳೆಯಬೇಡಿ. ವಯಸ್ಸಾದವರ ಭುಜಕ್ಕೆ ಪೆಟ್ಟಾಗಬಹುದು. ನಿಮ್ಮ ಮುಂಗೈ ಚಾಚಿ, ಅವರೇ ನಿಮ್ಮನ್ನು ಹಿಡಿದುಕೊಳ್ಳಲಿ. ನಿಮ್ಮ ಇನ್ನೊಂದು ಕೈ ಅವರ ಬೆನ್ನಿನ ಹಿಂದೆ ಸೊಂಟದ ಹತ್ತಿರ ಇರಲಿ. ಹೆಣ್ಣುಮಕ್ಕಳಾದರೆ "ಬೆನ್ನಿಗೆ ಕೈ ಕೊಡ್ತೀನಿ ಅಮ್ಮಾ" ಎಂದು ಹೇಳಿಯೇ ಕೊಡಿ. ಬೇಡ ಅಂದರೆ ಜೊತೆಗೆ ಆಯಾ ಬರಲಿ.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಸೀಟಿಗೆ ಬಂದಾಗ ಒಂದು ಕಾಲು ಒಳಗಿಟ್ಟು ಹತ್ತುವ ನಮ್ಮ ರೂಢಿ ಅವರಿಗೆ ಆಗುವುದಿಲ್ಲ. ಬೆನ್ನು ಸೀಟಿನ ಕಡೆ ಮಾಡಿ, ಮೀನಖಂಡ ಗಾಡಿಗೆ ತಾಗುವವರೆಗೆ ಹಿಂದೆ ಬರಲಿ. ಒಂದು ಕೈ ಸೀಟಿನ ಮೇಲೆ ಊರಲಿ. ನಿಧಾನವಾಗಿ ಕೂರಲಿ. ಆಗ ನಿಮ್ಮ ಅಂಗೈ ಬಾಗಿಲಿನ ಮೇಲಂಚಿನಲ್ಲಿ ಇರಬೇಕು, ತಲೆ ಬಡಿಯದಂತೆ. ಕೂತ ಮೇಲೆ ಎರಡೂ ಕಾಲು ಒಟ್ಟಿಗೆ ಒಳಕ್ಕೆ ತಿರುಗಿಸಲಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇದ್ದರೆ ಸಲೀಸಾಗಿ ತಿರುಗುತ್ತಾರೆ. ಹೊರಡುವ ಮುಂಚೆ ಅದನ್ನು ತೆಗೆಯಿರಿ, ಬ್ರೇಕ್ ಹಾಕಿದರೆ ಜಾರುತ್ತಾರೆ.

ಮೊಣಕಾಲು ಚಿಪ್ಪು ಬದಲಾಯಿಸಿದವರಿಗೆ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಕಾಲು ಚಾಚಲು ಜಾಗ ಬೇಕು. ಸೊಂಟದ ಕೀಲು ಬದಲಾಯಿಸಿದವರು ತಗ್ಗಿನಲ್ಲಿ ಕೂರಬಾರದು, ಮುಂದಕ್ಕೆ ಜಾಸ್ತಿ ಬಗ್ಗಬಾರದು. ಅವರಿಗೆ ಗಟ್ಟಿ ದಿಂಬು ಹಾಕಿ ಸೀಟು ಎತ್ತರಿಸಿ.

ಬಾಗಿಲು ಹಾಕುವ ಮುಂಚೆ ಮೂರು ನೋಡಿ: ಬೆರಳು, ಸೀರೆ ಸೆರಗು, ಪಂಚೆ ಅಂಚು. ಹಿಂದಿನ ಸೀಟಿನವರು ಮುಂದಿನ ಬಾಗಿಲಿನ ಪಕ್ಕದ ಕಂಬ ಹಿಡಿದು ಕೂತಿರುತ್ತಾರೆ. ನೀವು ಮುಂದಿನ ಬಾಗಿಲು ದಬಕ್ಕನೆ ಹಾಕಿದರೆ ಅವರ ಬೆರಳು ಹೋಯಿತು.

ಸೀಟ್ ಬೆಲ್ಟ್ ಹಿಂದೆ ಕೂತವರಿಗೂ ಕಡ್ಡಾಯ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಪೇಸ್‌ಮೇಕರ್ ಇರುವವರಿಗೆ ಬೆಲ್ಟಿನ ಕೆಳಗೆ ಮೆತ್ತನೆಯ ಟವೆಲ್ ಇಡಿ. ಬೆಲ್ಟ್ ಮಾತ್ರ ತಪ್ಪಿಸಬೇಡಿ.

ವೀಲ್‌ಚೇರಿನಿಂದ ಏಳಿಸುವಾಗ ಎರಡೂ ಬ್ರೇಕ್ ಹಾಕಿ, ಪಾದದ ಹಲಗೆ ಮಡಿಸಿ. ಹಲಗೆಯ ಮೇಲೇ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಇಳಿಜಾರಿನಲ್ಲಿ ಕೆಳಗೆ ಬರುವಾಗ ವೀಲ್‌ಚೇರನ್ನು ಹಿಮ್ಮುಖವಾಗಿ ತನ್ನಿ.

ಇಳಿಸುವಾಗ ಎರಡೂ ಕಾಲು ಹೊರಗೆ ಬಂದ ಮೇಲೆ ಒಂದು ನಿಮಿಷ ಕೂರಿಸಿ. ಕೂತವರು ಒಮ್ಮೆಲೇ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಆ ಒಂದು ನಿಮಿಷದಲ್ಲಿ ಚಪ್ಪಲಿ ಸರಿಯಾಗಿದೆಯಾ, ಕೋಲು ಕೈಗೆ ಬಂತಾ, ನೆಲ ಹೇಗಿದೆ ಎಲ್ಲ ನೋಡಿಕೊಳ್ಳಬಹುದು. ಹಿಂದೆ ಆಟೋದವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಾನು ಕೈ ಎತ್ತಿ ತೋರಿಸುತ್ತೇನೆ. ಅಜ್ಜಾರು ಇಳಿಯುವುದು ಕಂಡರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

6. ದಾರಿಯಲ್ಲಿ

ಹಂಪ್ ಬರುವ ಮುಂಚೆಯೇ "ಹಂಪ್ ಬಂತ್ರೀ" ಎಂದು ಹೇಳಿ. ಬೆನ್ನುಮೂಳೆ ಸವೆದವರಿಗೆ ಒಂದು ಜೋರು ಕುಲುಕಿಗೆ ಮೂಳೆ ಬಿರುಕು ಬಿಡಬಹುದು. ಹೊಸಪೇಟೆ ರಸ್ತೆಯಲ್ಲಿ ತೋರಣಗಲ್ಲು ಕಡೆಯ ಲಾರಿಗಳು ಜಾಸ್ತಿ. ಅವುಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಅದಿರಿನ ಧೂಳು ದಮ್ಮಿನವರಿಗೆ ಆಗದು. ಓವರ್‌ಟೇಕ್ ಮಾಡಿ ಹತ್ತು ನಿಮಿಷ ಉಳಿಸಿ ಏನೂ ಆಗಬೇಕಿಲ್ಲ. ದೂರ ಬಿಟ್ಟು, ಕಿಟಕಿ ಏರಿಸಿ, ನಿಧಾನವಾಗಿ ಹೋಗಿ. ಲಾರಿ ಓಡಿಸಿದವನಾಗಿ ಹೇಳುತ್ತೇನೆ, ಲೋಡ್ ಲಾರಿಯವನಿಗೆ ಪಕ್ಕದ ಸಣ್ಣ ಕಾರು ಎಷ್ಟೋ ಸಲ ಕಾಣುವುದೇ ಇಲ್ಲ.

ಮರೆವಿನ ಕಾಯಿಲೆ ಇರುವವರು ಕೂತಿದ್ದರೆ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ. "ನನ್ನ ಮನೆ ಸತ್ಯನಾರಾಯಣಪೇಟೆ, ಅಲ್ಲಿಗೆ ಬಿಡು" ಎಂದು ಹಟ ಹಿಡಿಯಬಹುದು. ಮನೆ ಮಾರಿ ಎಷ್ಟೋ ವರ್ಷವಾಗಿರುತ್ತದೆ. ಮಾರಿದ್ದೀರಿ ಎಂದು ವಾದಿಸಬೇಡಿ. ಆ ಮನೆಯ ಬಗ್ಗೆ ಕೇಳಿ. ಬಾವಿ ಇತ್ತಾ, ಅಂಗಳದಲ್ಲಿ ಯಾವ ಮರ ಇತ್ತು? ಹೇಳುತ್ತಾ ಹೇಳುತ್ತಾ ಸಮಾಧಾನವಾಗುತ್ತಾರೆ.

ಸಕ್ಕರೆ ಕಾಯಿಲೆಯ ಒಬ್ಬರು ಯಜಮಾನರು ತಿಂಗಳಿಗೊಮ್ಮೆ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ನಿಲ್ಲಿಸು ಅನ್ನುತ್ತಾರೆ. ನಾನು ನಿಲ್ಲಿಸುತ್ತೇನೆ. ಮೊದಮೊದಲು ಬೇಡ ಅನ್ನುತ್ತಿದ್ದೆ. ಅವರು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ಒಂದು ಮಿರ್ಚಿ ತಿನ್ನಬೇಕೋ ಬೇಡವೋ ಎಂದು ತೀರ್ಮಾನ ಮಾಡಲು ಅವರಿಗೆ ಬರುತ್ತದೆ. ಅವರನ್ನು ಕಾಯುವುದು ನನ್ನ ಕೆಲಸ, ಆಳುವುದಲ್ಲ.

7. ಆಸ್ಪತ್ರೆಯಲ್ಲಿ

ದೊಡ್ಡ ಆಸ್ಪತ್ರೆ ಅಂದರೆ ನಮ್ಮಲ್ಲಿ ವಿಮ್ಸ್. ಈಗ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದಾಗಿದೆ, ಆದರೆ ಹಿರಿಯರ ಬಾಯಲ್ಲಿ ಇನ್ನೂ ವಿಮ್ಸೇ. ಅಂಥ ಕಡೆ ಮೊದಲು ವೀಲ್‌ಚೇರ್ ತಂದುಕೊಳ್ಳಿ, ಆಮೇಲೆ ಅವರನ್ನು ಇಳಿಸಿ. ಗಾಡಿ ಪಾರ್ಕ್ ಮಾಡಲು ಹೋಗುವಾಗ ಅವರನ್ನು ನೆರಳಲ್ಲಿ, ಬೆನ್ನು ಆನಿಸುವ ಕುರ್ಚಿಯಲ್ಲಿ ಕೂರಿಸಿ. "ನಾನು ಬರೋತನಕ ಏಳಬ್ಯಾಡ್ರೀ" ಎಂದು ಹೇಳಿ ಹೋಗಿ.

ಡಾಕ್ಟರ್ ಮುಂದೆ ನೀವು ಮಾತಾಡಬೇಡಿ. ಡಾಕ್ಟರು ನಿಮ್ಮನ್ನು ನೋಡಿ "ಇವರಿಗೆ ಏನಾಗ್ತಿದೆ?" ಎಂದು ಕೇಳಿದರೆ, "ಅವರನ್ನೇ ಕೇಳಿ ಸರ್" ಅನ್ನಿ. ಕಿವಿ ಕೇಳದಿದ್ದರೆ ಡಾಕ್ಟರ್ ಹೇಳಿದ್ದನ್ನು ಅವರ ಮುಖದ ಎದುರು ಬಂದು, ಕಿರುಚದೆ, ನಿಧಾನವಾಗಿ ಹೇಳಿ. ಮಾತ್ರೆ ಯಾವಾಗ, ಎಷ್ಟು ಎನ್ನುವುದನ್ನು ಚೀಟಿಯಲ್ಲಿ ಬರೆಸಿಕೊಂಡು ಸಮುಚ್ಚಯದ ನರ್ಸಿಗೆ ಕೊಡಿ. ನಿಮ್ಮ ನೆನಪಿನಿಂದ ಹೇಳಬೇಡಿ.

ಡಯಾಲಿಸಿಸ್‌ಗೆ ಹೋಗುವವರ ವಿಷಯ ಬೇರೆಯೇ ಕಲಿಯಬೇಕು. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ. ಅವರ ಒಂದು ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ, ಮಾಡಿರುತ್ತಾರೆ. ಆ ಕೈ ಯಾವುದು ಎಂದು ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಆ ಕೈ ಹಿಡಿಯಬಾರದು, ಒತ್ತಬಾರದು, ಅದರ ಮೇಲೆ ಚೀಲ ನೇತು ಹಾಕಬಾರದು. ಮುಗಿಸಿ ಬರುವಾಗ ಬಿಪಿ ಇಳಿದು ತುಂಬಾ ಸುಸ್ತಾಗಿರುತ್ತಾರೆ. ಹೋಗುವಾಗ ನಡೆದು ಹೋದವರೂ ಬರುವಾಗ ವೀಲ್‌ಚೇರಿನಲ್ಲಿ ಬರಲಿ. ಸೂಜಿ ಚುಚ್ಚಿದ ಜಾಗದಿಂದ ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಅದೇ ಜಾಗವನ್ನು ಒತ್ತಿ ಹಿಡಿದು, ಗಾಡಿ ತಿರುಗಿಸಿ ಆಸ್ಪತ್ರೆಗೆ ವಾಪಸ್ ಹೋಗಿ. ದಾರಿಯಲ್ಲಿ ಅವರು ನಿದ್ದೆ ಹೋಗುತ್ತಾರೆ. ಹಾಡು ಬೇಡ, ಮಾತು ಬೇಡ.

ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಎಲ್ಲ ಮಬ್ಬು. ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕಪ್ಪು ಕನ್ನಡಕ, ಕೊಡೆ ಸಿದ್ಧ ಇರಲಿ, ಮೆಟ್ಟಿಲು ಎಣಿಸಿ ಹೇಳಿ.

8. ತುರ್ತು ಬಂದರೆ

ನಾವು ಡಾಕ್ಟರಲ್ಲ. ಆದರೆ ಮೊದಲು ನೋಡುವವರು ನಾವೇ. ಅದಕ್ಕೆ ಇಷ್ಟು ಗೊತ್ತಿರಲಿ.

ಬೆವರುತ್ತಾ, ನಡುಗುತ್ತಾ, ಏನೇನೋ ಮಾತಾಡಿದರೆ ಸಕ್ಕರೆ ಇಳಿದಿರಬಹುದು. ಎಚ್ಚರ ಇದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಆಸ್ಪತ್ರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ ಲಕ್ವ ಎಂದುಕೊಳ್ಳಿ. ಗಡಿಯಾರ ನೋಡಿ ಸಮಯ ಬರೆಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಅವಕಾಶ. "ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?" ಎಂದು ಡಾಕ್ಟರ್ ಕೇಳಿದಾಗ ಉತ್ತರ ನಿಮ್ಮಲ್ಲಿರಬೇಕು. ನೀರು, ಮಾತ್ರೆ, ಕಾಫಿ ಏನೂ ಕೊಡಬೇಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಎದೆ ನೋವು ಎಲ್ಲರಿಗೂ ತಿಳಿದದ್ದೇ. ಆದರೆ ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ತಣ್ಣನೆ ಬೆವರು, ಉಸಿರಾಟದ ತೊಂದರೆ, ವಿಪರೀತ ಸುಸ್ತು ಬಂದೂ ಹೃದಯಾಘಾತ ಆಗಬಹುದು. "ಗ್ಯಾಸ್ ಇರಬೇಕು ಬಿಡು" ಎಂದು ಅವರೇ ಹೇಳುತ್ತಾರೆ. ಅದನ್ನು ಡಾಕ್ಟರ್ ಹೇಳಲಿ.

ಬಿದ್ದರೆ ಗಾಬರಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಮಾತಾಡಿಸಿ. ಸೊಂಟದ ಹತ್ತಿರ ತುಂಬಾ ನೋವಿದ್ದು, ಕಾಲು ಹೊರಕ್ಕೆ ತಿರುಗಿ ಗಿಡ್ಡವಾದಂತೆ ಕಂಡರೆ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡುವ ಮಾತ್ರೆಯವರು ತಲೆಗೆ ಪೆಟ್ಟು ಮಾಡಿಕೊಂಡರೆ, ಎದ್ದು ನಗುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

9. ದುಡ್ಡು, ಗುಟ್ಟು

ಎಟಿಎಂ ಪಿನ್, ಫೋನ್‌ಪೇ ಪಿನ್ ಯಾರದ್ದೂ ನಿಮಗೆ ಗೊತ್ತಿರಬಾರದು. "ನೀನೇ ಒತ್ತಪ್ಪಾ, ನನಗೆ ಕಾಣಲ್ಲ" ಎಂದು ಪ್ರೀತಿಯಿಂದ ಹೇಳುತ್ತಾರೆ. ಕೇಳಬೇಡಿ. ಬ್ಯಾಂಕಿನ ಒಳಗೆ ಕರೆದುಕೊಂಡು ಹೋಗಿ ಸಿಬ್ಬಂದಿಯ ಸಹಾಯ ಕೊಡಿಸಿ. ಔಷಧಿಗೆ ಕೊಟ್ಟ ದುಡ್ಡಿನ ಬಿಲ್ಲು, ಚಿಲ್ಲರೆ ಎರಡನ್ನೂ ಒಂದು ಲಕೋಟೆಯಲ್ಲಿ ಹಾಕಿ ಕೊಡಿ. ಸಾಲ ಕೇಳಬೇಡಿ, ಎಷ್ಟೇ ಕಷ್ಟ ಇದ್ದರೂ. ಹಬ್ಬಕ್ಕೆ ಬಟ್ಟೆ ಕೊಟ್ಟರೆ ತೆಗೆದುಕೊಳ್ಳಿ, ಆಫೀಸಿಗೆ ಹೇಳಿ. ಚಿನ್ನ, ದೊಡ್ಡ ಮೊತ್ತ ಕೊಟ್ಟರೆ ಕೈ ಮುಗಿದು ವಾಪಸ್ ಕೊಡಿ.

ಇನ್ನೊಂದು ಮಾತು ಇತ್ತೀಚೆಗೆ ಸೇರಿಸಿಕೊಂಡಿದ್ದೇನೆ. ಹಿರಿಯರು ಒಮ್ಮೆಲೇ ಗಾಬರಿಯಲ್ಲಿ "ಈಗಲೇ ಬ್ಯಾಂಕಿಗೆ ನಡಿ" ಅಂದರೆ, ಫೋನು ಕಿವಿಯಿಂದ ತೆಗೆಯದೇ ಇದ್ದರೆ, ಯಾಕೆ ಎಂದು ಹೇಳದಿದ್ದರೆ, ಅನುಮಾನ ಪಡಿ. ಪೊಲೀಸರೆಂದು ಹೆದರಿಸಿ "ಡಿಜಿಟಲ್ ಅರೆಸ್ಟ್" ಎನ್ನುವ ಕಳ್ಳರು ಹೀಗೇ ಮಾಡಿಸುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಗಾಡಿ ಹೊರಡಿಸುವ ಮುಂಚೆ ಮ್ಯಾನೇಜರನ್ನೋ ಮಕ್ಕಳನ್ನೋ ಕರೆಯಿರಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಮಕ್ಕಳು ಬೆಂಗಳೂರು, ಹೈದರಾಬಾದ್, ಅಮೆರಿಕದಿಂದ ಫೋನ್ ಮಾಡಿ "ಅಮ್ಮ ಎಲ್ಲಿಗೆ ಹೋಗಿದ್ರು, ಯಾರನ್ನ ನೋಡಿದ್ರು?" ಎಂದು ಕೇಳುತ್ತಾರೆ. ಆರೋಗ್ಯದ ವಿಷಯವಾದರೆ ಹೇಳಿ. ಮಿಕ್ಕಿದ್ದಕ್ಕೆ "ಅಮ್ಮನವರನ್ನೇ ಕೇಳಿ ಸರ್". ಅವರು ತಮ್ಮ ತಂಗಿಯ ಮನೆಗೆ ಹೋಗಿದ್ದು, ವಕೀಲರ ಹತ್ತಿರ ಹೋಗಿದ್ದು ಅವರ ಸ್ವಂತ ವಿಷಯ. ಆದರೆ ಯಾರಾದರೂ ಹೊಡೆಯುತ್ತಿದ್ದಾರೆ, ಊಟ ಕೊಡುತ್ತಿಲ್ಲ, ಹೆದರಿಸಿ ಸಹಿ ಹಾಕಿಸುತ್ತಿದ್ದಾರೆ ಎಂದು ಗೊತ್ತಾದರೆ ಸುಮ್ಮನಿರಬೇಡಿ. ಹಿರಿಯರ ಸಹಾಯವಾಣಿ 14567 ಇದೆ.

10. ನವೆಂಬರ್ ಮತ್ತು ದೇವಸ್ಥಾನ

ನವೆಂಬರಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಅವರನ್ನು ಮೊದಲು ಮುಗಿಸಿ. ನಡೆಯಲಾಗದವರಿಗೆ ಮೊಬೈಲಿನಲ್ಲೇ ಮುಖ ತೋರಿಸಿ ಕೊಡುವ ಸೌಲಭ್ಯ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಜೀವನ್ ಪ್ರಮಾಣ್‌ನಲ್ಲಿದೆ. ಆಫೀಸಿನವರಿಗೆ ನೆನಪಿಸಿ. ಒಂದು ಟ್ರಿಪ್ ಉಳಿದರೆ ಅವರಿಗೆ ಒಂದು ದಿನದ ನೋವು ಉಳಿಯುತ್ತದೆ.

ಕನಕದುರ್ಗಮ್ಮನ ಗುಡಿಗೆ ಮಂಗಳವಾರ, ಶುಕ್ರವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಕರೆದುಕೊಂಡು ಹೋಗಿ. ಹಂಪಿಗೆ ಹೋದರೆ ವಿಜಯ ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ನಮ್ಮ ಗಾಡಿ ಬಿಡುವುದಿಲ್ಲ, ಬ್ಯಾಟರಿ ಗಾಡಿ ಇದೆ. ಅದಕ್ಕೆ ಹತ್ತಿಸುವಾಗ ನೀವೇ ಜೊತೆಗಿರಿ. ಅಂಜನಾದ್ರಿಗೆ 575 ಮೆಟ್ಟಿಲು. ಕೆಳಗಿನಿಂದಲೇ ಕೈ ಮುಗಿಯಿರಿ ಎಂದು ಹೊರಡುವ ಮುಂಚೆ ಹೇಳಿ, ಅಲ್ಲಿ ಹೋಗಿ ಹೇಳಿದರೆ ಮನಸ್ಸಿಗೆ ಬೇಜಾರು. ಮಂತ್ರಾಲಯ ಆಂಧ್ರದಲ್ಲಿದೆ, ಹಳದಿ ಬೋರ್ಡಿನ ಪರ್ಮಿಟ್ ಅಲ್ಲಿಗೆ ನಡೆಯುತ್ತದಾ ನೋಡಿಕೊಂಡು ಹೊರಡಿ. ದೂರದ ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಕಾಲು ಊದುವುದಿಲ್ಲ.

ಒಂದು ದಿನ ನೋಟ್‌ಬುಕ್ಕಿನ ಒಂದು ಪುಟಕ್ಕೆ ಕೆಲಸ ಇರುವುದಿಲ್ಲ. ಈ ಕೆಲಸದಲ್ಲಿ ಅದು ಬಂದೇ ಬರುತ್ತದೆ. ಮೊದಲ ಸಲ ನನಗೆ ಎರಡು ದಿನ ಗಾಡಿ ಓಡಿಸಲು ಕೈ ಬರಲಿಲ್ಲ. ರಜೆ ಕೇಳಿದೆ, ಕೊಟ್ಟರು. ನೀವೂ ಕೇಳಿ. ಮಣ್ಣಿಗೆ ಹೋಗಿ ಬನ್ನಿ.

11. ವಾಪಸ್ ಬಂದ ಮೇಲೆ

ರೂಮಿನ ಬಾಗಿಲವರೆಗೆ ಹೋಗಿ. ಬೀಗ ತೆಗೆದು, ಲೈಟು ಫ್ಯಾನು ಹಾಕಿ, ಅವರು ಕುರ್ಚಿಯಲ್ಲಿ ಕೂತದ್ದು ನೋಡಿ, ನೀರಿನ ಲೋಟ ಕೈಗೆ ಸಿಗುವಂತಿಟ್ಟು ಬನ್ನಿ. ಆಮೇಲೆ ಗಾಡಿಗೆ ಬಂದು ಹಿಂದಿನ ಸೀಟು, ಸೀಟಿನ ಸಂದು, ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಕನ್ನಡಕ, ಕೋಲು, ಎಕ್ಸ್-ರೇ ಕವರ್, ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು ಅಲ್ಲೇ ಇರುತ್ತವೆ. ಒಂದು ರಾತ್ರಿ ನನಗೆ ಮ್ಯಾಟಿನ ಕೆಳಗೆ ಕಡಲೆಕಾಳಿನಷ್ಟು ಸಣ್ಣ ಕಿವಿಯ ಮಷೀನು ಸಿಕ್ಕಿತು. ಒಂಬತ್ತು ಗಂಟೆಯಾಗಿತ್ತು, ಬೆಳಗ್ಗೆ ಕೊಟ್ಟರಾಯಿತು ಅಂದುಕೊಂಡೆ. ಆಮೇಲೆ ನೆನಪಾಯಿತು, ಅವರ ಮಗಳು ದಿನಾ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾಳೆ. ತಿರುಗಿ ಹೋಗಿ ಕೊಟ್ಟು ಬಂದೆ.